ಚೀಟಿಯ ಮೇಲೆ ರೈತನ ಹೆಸರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಜಪಾನ್ ನೋಡಿ ಬಂದವನು, ಬುಲೆಟ್ ರೈಲಿನ ಬಗ್ಗೆ ಮಾತಾಡು ಎಂದು ಸಂಘಟಕರು ಹೇಳಿದರು. ವಾಡಿ ಜಂಕ್ಷನ್ನಿನಲ್ಲಿ ರಾತ್ರಿಯೆಲ್ಲ ಗಾಡಿ ಕಾದವರ ಮುಂದೆ ಆ ಮಾತು ಬೇಡ. ನಾನು ಒಂದು ಅಂಗಡಿಯ ಬಗ್ಗೆ ಹೇಳುತ್ತೇನೆ.

ಕಂಪನಿ ಕೆಲಸದ ಮೇಲೆ ಕೆಲವು ತಿಂಗಳು ಕ್ಯೂಶೂ ದ್ವೀಪದಲ್ಲಿದ್ದೆ. ಜೂನ್ ತಿಂಗಳ ಒಂದು ರವಿವಾರ ಜೊತೆಗೆ ಕೆಲಸ ಮಾಡುವವರೊಬ್ಬರು ತಮ್ಮ ಕಾರಿನಲ್ಲಿ ಓಯಿತಾ ಪ್ರಾಂತ್ಯದ ಓಯಾಮಾ ಎಂಬ ಊರಿಗೆ ಕರೆದೊಯ್ದರು. ಸುತ್ತೆಲ್ಲ ಗುಡ್ಡ, ಕಾಡು. ನಮ್ಮ ಚಿಂಚೋಳಿ ಕಡೆ ಹೋದ ಹಾಗೆ ಅನ್ನಿಸಿತು, ಹಸಿರು ಮಾತ್ರ ಇನ್ನೂ ಹೆಚ್ಚು. ಅಲ್ಲಿನ ರೈತರ ಸಹಕಾರ ಸಂಘ 1990ರಲ್ಲಿ ತೆರೆದ ಅಂಗಡಿ ಅದು. ಕೊನೊಹಾನಾ ಗಾರ್ಟನ್ ಎಂದು ಹೆಸರು.

ಒಳಗೆ ಕಾಯಿಪಲ್ಯ, ಅಣಬೆ, ಹೂವು, ಮನೆಯಲ್ಲಿ ಮಾಡಿದ ತಿಂಡಿ. ಉಮೆ ಎಂಬ ಹುಳಿ ಹಣ್ಣಿನ ಸುಗ್ಗಿ ಅದು. ಅದನ್ನು ಉಪ್ಪು ಹಾಕಿ, ಬಿಸಿಲಿಗೆ ಒಣಗಿಸಿ ಉಪ್ಪಿನಕಾಯಿ ಮಾಡುತ್ತಾರೆ. ನಮ್ಮವ್ವ ಮಾವಿನಕಾಯಿ ಹಾಕುತ್ತಿದ್ದದ್ದು ನೆನಪಾಯಿತು. ಒಂದು ಪಾಕೀಟು ಎತ್ತಿಕೊಂಡೆ. ಮೇಲೆ ಸಣ್ಣ ಚೀಟಿ. ಏನು ಬರೆದಿದೆ ಎಂದು ಕೇಳಿದೆ. ಜೊತೆಗಿದ್ದವರು ಬೆಲೆ ಓದಿದರು, ಆಮೇಲೆ ಒಂದು ಹೆಸರು ಓದಿದರು. ಕಂಪನಿಯ ಹೆಸರೇ ಎಂದೆ. ಅಲ್ಲ, ಬೆಳೆದವರ ಹೆಸರು ಎಂದರು. ಬೆಲೆ ಹಾಕುವವರು ಯಾರು? ಅವರೇ.

ನಾನು ಅಲ್ಲೇ ನಿಂತುಬಿಟ್ಟೆ.

ನಮ್ಮಪ್ಪ ನಲವತ್ತು ವರ್ಷ ತೊಗರಿ ಬೆಳೆದ. ರಾಶಿ ಆದ ಮೇಲೆ ಚೀಲ ಹೇರಿಕೊಂಡು ಗಂಜಿಗೆ ಹೋಗುತ್ತಿದ್ದ, ನಾನೂ ಚೀಲದ ಮೇಲೆ ಕುಳಿತು ಹೋಗಿದ್ದೇನೆ. ಅಲ್ಲಿ ಅವನು ಕೇಳುತ್ತಿದ್ದದ್ದು ಒಂದೇ ಮಾತು: "ಇವತ್ತ ಏನ್ ಭಾವ ಅದರಿ?" ಇಷ್ಟಕ್ಕೆ ಕೊಡುತ್ತೇನೆ ಎಂದು ಅವನು ಹೇಳಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಅವನ ತೊಗರಿ ಯಾರ ಮನೆಯಲ್ಲಿ ಬೇಳೆಯಾಗಿ ಬೆಂದಿತೋ ಅವನಿಗೆ ಗೊತ್ತಿಲ್ಲ, ತಿಂದವರಿಗೂ ಅವನು ಗೊತ್ತಿಲ್ಲ.

ಓಯಾಮಾದವರೂ ಮೊದಲು ಬಡವರೇ. ಭತ್ತಕ್ಕೆ ಬೇಕಾದ ಸಮತಟ್ಟು ಹೊಲ ಅವರಲ್ಲಿ ಕಡಿಮೆ. 1961ರಲ್ಲಿ ಯಹಾತಾ ಹರುಮಿ ಎಂಬ ಮುಖಂಡರ ಮಾತು ಕೇಳಿ, ದೇಶವೆಲ್ಲ ಭತ್ತ ಭತ್ತ ಎನ್ನುತ್ತಿದ್ದಾಗ ಇವರು ಗುಡ್ಡದಲ್ಲಿ ಉಮೆ, ಚೆಸ್ಟ್‌ನಟ್ ಗಿಡ ಹಚ್ಚಿದರು. ಅವರ ಘೋಷಣೆ ಏನು ಗೊತ್ತೇ? "ಗಿಡ ಹಚ್ಚೋಣ, ಹವಾಯಿಗೆ ಹೋಗೋಣ!" ಮುಂದೆ ನಿಜವಾಗಿಯೂ ಹೋಗಿಬಂದರು. ಇದನ್ನು ನೋಡಿಯೇ ಓಯಿತಾದ ಗವರ್ನರ್ ಹಿರಾಮಾತ್ಸು 1979ರಲ್ಲಿ 'ಒಂದು ಹಳ್ಳಿ, ಒಂದು ಉತ್ಪನ್ನ' ಎಂಬ ಚಳವಳಿ ಶುರುಮಾಡಿದರು. ಇಂದು ನಮ್ಮಲ್ಲಿ 'ಒಂದು ಜಿಲ್ಲೆ, ಒಂದು ಉತ್ಪನ್ನ' ಎನ್ನುತ್ತಾರಲ್ಲ, ಅದರ ಬೇರು ಅಲ್ಲಿದೆ. ನಮ್ಮ ಜಿಲ್ಲೆಗೆ ಬಂದದ್ದು ತೊಗರಿ.

ಆ ಕಡೆ ಇನ್ನೊಂದು ಪದ್ಧತಿ ಇದೆ. ಪರವೂರಿಗೆ ಹೋದವರು ಆಫೀಸಿನವರಿಗೆಲ್ಲ ಆ ಊರಿನದೇ ತಿನಿಸು ತರಬೇಕು, ಅದಕ್ಕೆ ಓಮಿಯಾಗೆ ಎನ್ನುತ್ತಾರೆ. ನಾವು ಜಾತ್ರೆಯಿಂದ ಬೆಂಡು ಬತ್ತಾಸ ತಂದು ಓಣಿಗೆಲ್ಲ ಹಂಚುವುದಿಲ್ಲವೇ, ಹಾಗೆ. ಈಗ ಯೋಚಿಸಿ: ನೃಪತುಂಗನ ಮಳಖೇಡ ನೋಡಲು, ಸನ್ನತಿಯ ಚಂದ್ರಲಾಂಬೆಯ ದರ್ಶನಕ್ಕೆ, ಅಲ್ಲಿನ ಅಶೋಕನ ಶಾಸನ ಕಾಣಲು ಜನ ಬರುತ್ತಾರೆ. ಹೋಗುವಾಗ ಕೈಯಲ್ಲಿ ಏನಿರುತ್ತದೆ? ಮೊಬೈಲಿನಲ್ಲಿ ಫೋಟೊ, ಹೆಚ್ಚೆಂದರೆ ಕುಂಕುಮದ ಪೊಟ್ಟಣ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಬೇಳೆ, ಇವುಗಳಲ್ಲಿ ಯಾವುದು ನಮ್ಮಲ್ಲಿಲ್ಲ?

2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ ಟ್ಯಾಗ್ ಸಿಕ್ಕಿತು. ನಮ್ಮ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು, ರುಚಿಗೆ ಅದೂ ಕಾರಣ. ಸಿಮೆಂಟಿಗೆ ಹೋಗುವ ಸುಣ್ಣದಕಲ್ಲೂ ಈ ನೆಲದ್ದೇ. ಜಿಲ್ಲೆಗೆ ಹೆಸರು ಬಂತು, ಸಂತೋಷ. ಬೆಳೆದವನ ಹೆಸರು ಇನ್ನೂ ಚೀಟಿಯ ಮೇಲೆ ಬಂದಿಲ್ಲ.

ಇಷ್ಟೆಲ್ಲ ಅಣ್ಣನ ಮುಂದೆ ಹೇಳಿದೆ. ಅವನು ನಕ್ಕ. "ಸಾಲ ಕೊಟ್ಟಾಂವ ಕಣಕ್ಕೇ ಬಂದು ನಿಂತಿರ್ತಾನ. ಒಂದೊಂದ ಕಿಲೋ ಮಾರಿ ಅವಂಗ ಯಾವಾಗ ಕೊಡ್ಲಿ?" ನೆಟೆರೋಗದಲ್ಲಿ ಹೊಲ ಒಣಗಿದ್ದನ್ನು ಕಂಡವನ ಮಾತು ಅದು. ನನ್ನ ಬಳಿ ಉತ್ತರವಿರಲಿಲ್ಲ. ಅಂಗಡಿಗಿಂತ ಮೊದಲು ಅಲ್ಲಿ ಸಹಕಾರ ಸಂಘವಿತ್ತು ಎಂಬುದು ನನಗೆ ಆಗ ಸರಿಯಾಗಿ ಹೊಳೆಯಿತು.

ಹಾಗಾಗಿ ಎಲ್ಲವನ್ನೂ ಮಾರಬೇಡ, ಒಂದು ಚೀಲ ನನಗೆ ಬಿಡು ಎಂದೆ. ಅತ್ತಿಗೆ ಎಣ್ಣೆ ಸವರಿ, ನೀರು ಚಿಮುಕಿಸಿ, ಬಿಸಿಲಿಗೆ ಹಾಕಿ, ಬೀಸುವ ಕಲ್ಲಿನಲ್ಲಿ ಒಡೆದು, ಮೊರದಲ್ಲಿ ಕೇರಿದರು. ಈ ಸಾಲಿಯ ಒಂಬತ್ತನೆಯ ತರಗತಿಯ ಹುಡುಗಿಯರು ನಿನ್ನೆ ಸಂಜೆ ಕುಳಿತು ಚೀಟಿ ಬರೆದರು. ಅಣ್ಣನ ಹೆಸರು, ಅತ್ತಿಗೆಯ ಹೆಸರು, ಊರು. ಬೆಲೆಯ ಜಾಗ ಖಾಲಿ ಬಿಟ್ಟಿದ್ದರು. ಅಣ್ಣ ಪೆನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದ. ಬರೆದ, ಹೊಡೆದುಹಾಕಿದ, ಮತ್ತೆ ಬರೆದ.

ಪಾಕೀಟುಗಳು ಗೇಟಿನ ಹತ್ತಿರ ಬೇವಿನ ಗಿಡದ ಕೆಳಗೆ ಟೇಬಲ್ ಮೇಲೆ ಇವೆ. ಅಣ್ಣ ಅಲ್ಲೇ ಕುಳಿತಿದ್ದಾನೆ. ಊಟ ಮುಗಿಸಿ ಹೋಗುವಾಗ ಒಮ್ಮೆ ಮಾತಾಡಿಸಿ. ಚೌಕಾಶಿ ಮಾತ್ರ ಮಾಡಬೇಡಿ.