ತಟ್ಟೆಯ ಮೇಲೊಂದು ಚಿತ್ರಕಥೆ

ಸಂಕ್ರಾಂತಿಯ ದಿನ ಎಳ್ಳು-ಬೆಲ್ಲದ ಜೊತೆಗೆ ನಿಮ್ಮ ಕೈಗೆ ಬರುವ ಸಕ್ಕರೆ ಅಚ್ಚನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಆನೆ, ಗಿಳಿ, ತೇರು, ತುಳಸಿಕಟ್ಟೆ. ಮರದ ಅಚ್ಚಿನಿಂದ ಎದ್ದು ಬಂದ ಆ ಪುಟ್ಟ ಬೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತೀರಿ. ಬಾಯಿಗೆ ಹಾಕಿಕೊಳ್ಳಲು ಒಂದು ಕ್ಷಣ ಮನಸ್ಸೇ ಬರುವುದಿಲ್ಲ. ಆಮೇಲೆ ಆನೆಯ ಸೊಂಡಿಲನ್ನೇ ಮೊದಲು ಕಚ್ಚುತ್ತೀರಿ! ತಿನ್ನಲೆಂದೇ ಮಾಡಿದ ಚಿತ್ರ ನಮಗೆ ಹೊಸದೇನಲ್ಲ. ಯುರೋಪಿನವರಿಗೂ ಹೊಸದಲ್ಲ. ಜರ್ಮನಿಯ ನ್ಯೂರೆಂಬರ್ಗ್, ಪೋಲೆಂಡಿನ ಟೊರೂನ್ ಮೊದಲಾದ ಊರುಗಳು ಜೇನು ಮತ್ತು ಮಸಾಲೆ ಬೆರೆಸಿದ ಬಿಸ್ಕತ್ತುಗಳಿಗೆ ಶತಮಾನಗಳಿಂದ ಹೆಸರಾಗಿವೆ. ಅಲ್ಲಿಯೂ ಕೆತ್ತಿದ ಮರದ ಅಚ್ಚಿಗೆ ಹಿಟ್ಟನ್ನು ಒತ್ತಿ ಚಿತ್ರ ಮೂಡಿಸುತ್ತಿದ್ದರು.

ಆದರೆ ಅಚ್ಚಿನಲ್ಲಿ ಮೂಡುವುದು ಒಂದೇ ಚಿತ್ರ. ಒಂದರ ಪಕ್ಕ ಒಂದಿಟ್ಟ ನಾಲ್ಕು ಬಿಸ್ಕತ್ತುಗಳ ಮೇಲೆ ನಾವೇ ಕೈಯಾರೆ ಚಿತ್ರ ಬರೆದು ಒಂದು ಕಥೆ ಹೇಳಬಹುದೇ? ಹೇಳಬಹುದು. ಈಗ ಅನೇಕ ದೇಶಗಳಲ್ಲಿ ಚಿತ್ರಕಾರರೂ ಮನೆಯಲ್ಲಿ ಬೇಕಿಂಗ್ ಮಾಡುವವರೂ ಇದನ್ನು ಮಾಡುತ್ತಿದ್ದಾರೆ. ಇದು ಬರೀ ಅಲಂಕಾರದ ಮಾತಲ್ಲ, ಇದರಲ್ಲಿ ಕಲಿಯುವುದು ಸಾಕಷ್ಟಿದೆ ಎಂದು ನಿಮಗೆ ತಿಳಿಸುವುದೇ ಈ ಹೊತ್ತಿನ ನನ್ನ ಉದ್ದೇಶ.

ಮೊದಲು ಚಿತ್ರಕಥೆಯ ವಿಚಾರ. 1830ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ಜಿನೀವಾದಲ್ಲಿ ರೊಡಾಲ್ಫ್ ಟಾಪ್ಫರ್ ಎಂಬ ಶಾಲಾ ಮೇಷ್ಟ್ರು ಚೌಕಟ್ಟುಗಳಲ್ಲಿ ಚಿತ್ರ ಬರೆದು, ಕೆಳಗೆ ಒಂದೆರಡು ಸಾಲು ಸೇರಿಸಿ ನಗೆಯ ಕಥೆಗಳನ್ನು ಹೇಳಿದರು. ಇಂದಿನ ಚಿತ್ರಕಥೆಯ ಮೂಲಪುರುಷರಲ್ಲಿ ಅವರೂ ಒಬ್ಬರೆಂದು ಎಣಿಕೆ. ನಮ್ಮ ದೇಶದಲ್ಲಿ 1967ರಲ್ಲಿ ಅಮರ ಚಿತ್ರಕಥೆಯನ್ನು ಆರಂಭಿಸಿದ ಅನಂತ ಪೈ ಅವರು ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ. ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಅವರ 'ಶ್ರೀಸಾಮಾನ್ಯ'ನನ್ನು ನೀವು ಬಲ್ಲಿರಿ. ಚೌಕಳಿ ಕೋಟು, ಪಂಚೆ, ಕನ್ನಡಕ. ಆತ ಬಾಯಿ ಬಿಡುವವನಲ್ಲ, ಆದರೂ ಅವನ ಮುಖ ನೋಡಿದರೆ ಎಲ್ಲ ಅರ್ಥವಾಗುತ್ತದೆ.

ಚಿತ್ರಕಥೆಯ ಗುಟ್ಟು ಇರುವುದು ಚೌಕಟ್ಟಿನ ಒಳಗೆ ಮಾತ್ರವಲ್ಲ, ಎರಡು ಚೌಕಟ್ಟುಗಳ ನಡುವಣ ಖಾಲಿ ಜಾಗದಲ್ಲೂ ಇದೆ. ಒಂದರಲ್ಲಿ ಹುಡುಗ ಮರ ಹತ್ತುತ್ತಿದ್ದಾನೆ. ಮುಂದಿನದರಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದಾನೆ. ಬಿದ್ದದ್ದನ್ನು ಯಾರೂ ಬರೆದಿಲ್ಲ, ಬೀಳಿಸಿದವರು ಓದುವ ನೀವೇ! ಈಗ ತಟ್ಟೆಯಲ್ಲಿ ನಾಲ್ಕು ಚೌಕಾಕಾರದ ಬಿಸ್ಕತ್ತುಗಳನ್ನು ಸ್ವಲ್ಪ ಸ್ವಲ್ಪ ಬಿಟ್ಟು ಜೋಡಿಸಿ ನೋಡಿ. ಚೌಕಟ್ಟೂ ಸಿದ್ಧ, ನಡುವಣ ಜಾಗವೂ ಸಿದ್ಧ.

ಕಥೆ ಯಾವುದು? ಒಂದು ಉದಾಹರಣೆ ಕೊಡುತ್ತೇನೆ. ಮೊದಲ ಬಿಸ್ಕತ್ತಿನಲ್ಲಿ ಒಂದು ಇಲಿ, ಎದುರಿಗೆ ಬಿಸ್ಕತ್ತಿನ ಡಬ್ಬ. ಎರಡನೆಯದರಲ್ಲಿ ಡಬ್ಬ ಮಾತ್ರ, ಮುಚ್ಚಳದ ಸಂದಿಯಿಂದ ಹೊರಗೆ ಇಳಿಬಿದ್ದ ಬಾಲ. ಮೂರನೆಯದರಲ್ಲಿ ಮುಚ್ಚಳ ತೆರೆದಿದೆ, ಮೇಲಿನಿಂದ ಇಣುಕುವ ಎರಡು ದೊಡ್ಡ ಕಣ್ಣು. ನಾಲ್ಕನೆಯದರಲ್ಲಿ ಚಿತ್ರವೇ ಇಲ್ಲ. ಬೇಯಿಸುವ ಮೊದಲೇ ಅದರ ಒಂದು ಮೂಲೆಯನ್ನು ಹಲ್ಲಿನ ಗುರುತಿನಂತೆ ಕತ್ತರಿಸಿಬಿಡಿ. ಇಲಿ ಓಡಿಹೋಯಿತು, ಹೋಗುವಾಗ ನಿಮ್ಮ ಬಿಸ್ಕತ್ತನ್ನೂ ಕಚ್ಚಿಕೊಂಡು ಹೋಯಿತು! ಈ ಕೊನೆ ಕಾಗದದ ಮೇಲೆ ಇಷ್ಟು ಚೆನ್ನಾಗಿ ಬರುವುದಿಲ್ಲ. ಯಾವ ವಸ್ತುವಿನ ಮೇಲೆ ಬರೆಯುತ್ತೇವೋ ಅದರ ಗುಣವನ್ನೇ ಕಥೆಗೆ ಬಳಸಿಕೊಳ್ಳುವುದು ಕಲೆಯ ಒಂದು ಮುಖ್ಯ ಪಾಠ.

ಇನ್ನು ಮಾಡುವ ಕ್ರಮ. 250 ಗ್ರಾಂ ಮೈದಾ, 125 ಗ್ರಾಂ ಬೆಣ್ಣೆ, 100 ಗ್ರಾಂ ಪುಡಿ ಸಕ್ಕರೆ, ಕಲಸಲು ಎರಡು-ಮೂರು ಚಮಚ ಹಾಲು. ಬೇಕಿಂಗ್ ಪೌಡರ್ ಬೇಡ. ಅದನ್ನು ಹಾಕಿದರೆ ಬಿಸ್ಕತ್ತು ಉಬ್ಬಿ, ಹರಡಿ, ಚೌಕದ ಅಂಚು ಕೆಡುತ್ತದೆ. ಹಿಟ್ಟನ್ನು ಅರ್ಧ ಗಂಟೆ ತಣ್ಣಗಿಟ್ಟು, 5 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, 7 ಸೆಂಟಿಮೀಟರಿನ ಚೌಕಗಳಾಗಿ ಕತ್ತರಿಸಿ. ಸುಮಾರು 16 ಬಿಸ್ಕತ್ತುಗಳಾಗುತ್ತವೆ, ಅಂದರೆ ನಾಲ್ಕು ಕಥೆಗಳು. ಮೊದಲೇ ಕಾಯಿಸಿದ ಓವನ್ನಿನಲ್ಲಿ 170 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ 12ರಿಂದ 15 ನಿಮಿಷ ಸಾಕು. ಅಂಚು ತುಸು ಕೆಂಪಾದೊಡನೆ ತೆಗೆಯಿರಿ. ಓವನ್ನಿನ ಬಳಿ ಮನೆಯ ಹಿರಿಯರೊಬ್ಬರು ಜೊತೆಗಿರಲಿ.

ಚಿತ್ರ ಬರೆಯಲು ಬಿಳಿಯ ಹಾಳೆ ಬೇಕಲ್ಲವೇ? ಇಲ್ಲಿ ಆ ಹಾಳೆಯೇ ಐಸಿಂಗ್. ನುಣ್ಣನೆಯ ಐಸಿಂಗ್ ಸಕ್ಕರೆಯನ್ನು ಮೊಟ್ಟೆಯ ಬಿಳಿಯಲ್ಲಿ ಕಲಸಿದರೆ ಅದಕ್ಕೆ ರಾಯಲ್ ಐಸಿಂಗ್ ಎಂದು ಹೆಸರು. ಒಣಗಿದಾಗ ಗಟ್ಟಿಯಾಗುವುದು ಅದರ ಗುಣ. ಹಸಿ ಮೊಟ್ಟೆಯಿಂದ ರೋಗಾಣುಗಳ ಭಯವುಂಟು. ಆದ್ದರಿಂದ ಶುದ್ಧೀಕರಿಸಿ ಪುಡಿ ಮಾಡಿದ ಮೊಟ್ಟೆಯ ಬಿಳಿಯನ್ನು ಬಳಸುವುದು ಒಳ್ಳೆಯದು. ಮೊಟ್ಟೆ ಬೇಡದವರು ನೀರಿಗೆ ಕೆಲವು ಹನಿ ನಿಂಬೆರಸ ಸೇರಿಸಿ, ಚಮಚ ಚಮಚವಾಗಿ ಹಾಕುತ್ತಾ ಸಕ್ಕರೆಯನ್ನು ಕಲಸಬಹುದು. ಇದು ಅಷ್ಟು ಗಟ್ಟಿಯಾಗದು, ಒಣಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಗಟ್ಟಿ ಐಸಿಂಗನ್ನು ಮೆಹೆಂದಿ ಕೋನಿನಂಥ ಕೋನಿನಲ್ಲಿ ತುಂಬಿ ಬಿಸ್ಕತ್ತಿನ ಅಂಚಿಗೆ ಒಂದು ಕಟ್ಟೆ ಕಟ್ಟಿ. ಉಳಿದದ್ದನ್ನು ತುಸು ತೆಳುವಾಗಿಸಿ ಕಟ್ಟೆಯ ಒಳಗೆ ಹರಿಯಬಿಡಿ. ಚಾಕುವಿನಿಂದ ಗೆರೆ ಎಳೆದರೆ ಹತ್ತು-ಹದಿನೈದು ಸೆಕೆಂಡಿನಲ್ಲಿ ಆ ಗೆರೆ ಮಾಯವಾಗಬೇಕು, ಅದೇ ಹದ.

ಈಗ ಕಾಯಬೇಕು. ಒಂದು ರಾತ್ರಿ ಪೂರ್ತಿ ಒಣಗಲಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಇನ್ನೂ ಹೆಚ್ಚು ಹೊತ್ತು ಬೇಕು. ಅವಸರಪಟ್ಟರೆ ಪೆನ್ನಿನ ಮೊನೆ ಸಕ್ಕರೆಯ ಪದರವನ್ನು ಸೀಳುತ್ತದೆ, ಬಣ್ಣ ಒಡೆದು ಹರಡುತ್ತದೆ. ಒಣಗಿದ ಮೇಲೆ, ತಿನ್ನಬಹುದಾದ ಬಣ್ಣ ತುಂಬಿದ ಪೆನ್ನಿನಿಂದ ಮೆಲ್ಲಗೆ, ಒತ್ತದೆ ಬರೆಯಿರಿ. ಪೆನ್ನು ಸಿಗದಿದ್ದರೆ ಕರಗಿಸಿದ ಚಾಕೊಲೇಟನ್ನು ಸಣ್ಣ ಕೋನಿನಲ್ಲಿ ತುಂಬಿ ಗೆರೆ ಎಳೆಯಬಹುದು.

ಇಲ್ಲಿ ರಬ್ಬರಿಗೆ ಕೆಲಸವಿಲ್ಲ, ಎಳೆದ ಗೆರೆ ಎಳೆದದ್ದೇ. ಹಾಗಾಗಿ ಮೊದಲು ಕಾಗದದ ಮೇಲೆ ಅದೇ ಅಳತೆಯ ಚೌಕ ಹಾಕಿ ಹತ್ತು ಸಲ ಬರೆಯಿರಿ. ಪ್ರತಿ ಸಲವೂ ಒಂದು ಗೆರೆಯನ್ನು ಕಡಿಮೆ ಮಾಡುತ್ತಾ ಬನ್ನಿ. ಇಲಿಗೆ ಮೀಸೆ ಎಷ್ಟು ಬೇಕು? ಮೂರು ಸಾಲದೆ? ಮಾತಿನ ವಿಚಾರವೂ ಹಾಗೆಯೇ. ನಮ್ಮ ಕನ್ನಡದ ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕು. 7 ಸೆಂಟಿಮೀಟರಿನ ಬಿಸ್ಕತ್ತಿನಲ್ಲಿ 'ಆಶ್ಚರ್ಯ' ಎಂದು ಬರೆಯಲು ಹೋದರೆ ಇಲಿಗೆ ನಿಲ್ಲಲು ಜಾಗವಿರದು. 'ಓಹೋ' ಎಂದರೆ ಸಾಕು. ಯಾವುದನ್ನು ಬಿಡಬೇಕು ಎಂದು ತಿಳಿಯುವುದು ಯಾವುದನ್ನು ಬರೆಯಬೇಕು ಎಂದು ತಿಳಿಯುವುದಕ್ಕಿಂತ ಕಷ್ಟ. ಪರೀಕ್ಷೆಯ ಉತ್ತರ ಪತ್ರಿಕೆಗೂ ಈ ಮಾತು ಸಲ್ಲುತ್ತದೆ!

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ನಾನು ಚಿತ್ರಕಲೆಯ ಮೇಷ್ಟ್ರು. ಮೊದಲ ಸಲ ಶಾಲೆಯ ಮಕ್ಕಳ ದಿನಾಚರಣೆಗೆಂದು 40 ಬಿಸ್ಕತ್ತುಗಳ ಮೇಲೆ ಹತ್ತು ಕಥೆ ಬರೆದೆ. ತಿನ್ನುವ ಬಣ್ಣದ ಪೆನ್ನು ದೊರೆತಿರಲಿಲ್ಲ. ಮನೆಯಲ್ಲಿದ್ದ ಕಪ್ಪು ಸ್ಕೆಚ್ ಪೆನ್ನಿನ ಮೇಲೆ 'ವಿಷಕಾರಿಯಲ್ಲ' ಎಂದು ಅಚ್ಚಾಗಿತ್ತು, ಅದರಲ್ಲೇ ಬರೆದುಬಿಟ್ಟೆ. ಗೆರೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ನನಗೇ ಹೆಮ್ಮೆ. ಬೆಳಿಗ್ಗೆ ತಟ್ಟೆಗಳನ್ನು ಜೋಡಿಸುತ್ತಿದ್ದಾಗ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಮ್ಮ ಬಂದು ನೋಡಿ ನಕ್ಕರು. ಆಮೇಲೆ ಒಂದೇ ಮಾತು ಕೇಳಿದರು: "ಮೇಷ್ಟ್ರೇ, ಈ ಶಾಯಿ ತಿನ್ನೋದಾ?"

ನನ್ನಲ್ಲಿ ಉತ್ತರವಿರಲಿಲ್ಲ. 'ವಿಷಕಾರಿಯಲ್ಲ' ಎಂದರೆ ಬರೆಯುವಾಗ ಕೈಗೆ ತಗುಲಿದರೆ ಅಪಾಯವಿಲ್ಲ ಎಂದಷ್ಟೇ. ಅದು ಆಹಾರ ಎಂದಲ್ಲ. ನಲವತ್ತನ್ನೂ ತಿಪ್ಪೆಗೆ ಹಾಕಿದೆ. ಮಕ್ಕಳಿಗೆ ಅಂದು ಸಿಕ್ಕಿದ್ದು ಬಾಳೆಹಣ್ಣು ಮಾತ್ರ.

ಇದು ಸಣ್ಣ ವಿಷಯವಲ್ಲ, ಮಿತ್ರರೇ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಬೊಂಬಾಯಿ ಮಿಠಾಯಿಯಲ್ಲಿ ರೋಡಮಿನ್-ಬಿ ಎಂಬ ಬಣ್ಣದ ಬಳಕೆಯನ್ನು ನಿಷೇಧಿಸಿತು. ಗೋಬಿ ಮಂಚೂರಿಗೂ ಕೃತಕ ಬಣ್ಣ ಹಾಕಬಾರದೆಂದಿತು. ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಕಣ್ಣಿಗೆ ಚೆಂದ ಕಾಣಲಿ ಎಂಬ ಒಂದೇ ಆಸೆಗೆ ಅದು ಮಕ್ಕಳ ಹೊಟ್ಟೆ ಸೇರುತ್ತಿತ್ತು. ನಾನು ಮಾಡಿದ ತಪ್ಪೂ ಅದೇ ಜಾತಿಯದು. ಆದ್ದರಿಂದ ಬಣ್ಣ ಕೊಳ್ಳುವಾಗ ಪೊಟ್ಟಣದ ಮೇಲೆ ಆಹಾರಕ್ಕೆಂದು ನಮೂದಿಸಿದೆಯೇ, ಎಫ್.ಎಸ್.ಎಸ್.ಎ.ಐ. ಪರವಾನಗಿ ಸಂಖ್ಯೆ ಇದೆಯೇ ಎಂದು ಓದಿ ನೋಡಿ. ಅನುಮತಿ ಇರುವ ಬಣ್ಣವನ್ನೂ ಮಿತವಾಗಿ ಬಳಸಿ. ಬೀಟ್‌ರೂಟ್, ಅರಿಸಿನ, ಕೋಕೋ ನಮ್ಮ ಅಡುಗೆಮನೆಯಲ್ಲೇ ಇರುವ ಬಣ್ಣಗಳು. ತಯಾರಾದ ಬಿಸ್ಕತ್ತನ್ನು ವೃತ್ತಪತ್ರಿಕೆಯಲ್ಲಿ ಸುತ್ತಬೇಡಿ, ಅಚ್ಚಿನ ಶಾಯಿಯೂ ತಿನ್ನುವಂಥದಲ್ಲ.

ಕಾಗದದ ಮೇಲಿನ ಚಿತ್ರ ಕೆಟ್ಟರೆ ಕಾಗದ ಹಾಳು. ತಿನ್ನುವ ಚಿತ್ರ ಕೆಟ್ಟರೆ ಅದು ಇನ್ನೊಬ್ಬರ ದೇಹಕ್ಕೆ ಹೋಗುತ್ತದೆ. ಚೆಂದ ಮಾಡುವವನಿಗೆ ಈ ಹೊಣೆಯೂ ಉಂಟು. ಈ ಪಾಠವನ್ನು ನನಗೆ ಚಿತ್ರಕಲೆಯ ಪುಸ್ತಕ ಕಲಿಸಲಿಲ್ಲ, ಅಡುಗೆಯ ಅಮ್ಮ ಕಲಿಸಿದರು.

ಒಂದು ದಿನವೂ ಉಳಿಯದ ಚಿತ್ರಕ್ಕೆ ಇಷ್ಟು ಶ್ರಮವೇಕೆ ಎಂದು ನೀವು ಕೇಳಬಹುದು. ನಿಮ್ಮ ಅಜ್ಜಿ ಮುಂಜಾನೆ ಹಾಕಿದ ರಂಗೋಲಿ ಮಧ್ಯಾಹ್ನದ ವೇಳೆಗೆ ಅಳಿಸಿರುತ್ತದೆ. ಮರುದಿನ ಅವರು ಮತ್ತೆ ಹಾಕುತ್ತಾರೆ. ನಾಳೆ ನೀವೂ ಯಾರಾದರೂ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ನಾಲ್ಕು ಬಿಸ್ಕತ್ತಿನ ಕಥೆಯೊಂದನ್ನು ಯೋಚಿಸಿ. ಜ್ವರದಿಂದ ಮಲಗಿರುವ ತಮ್ಮನಾಗಲಿ, ಊರಿನಿಂದ ಬರುವ ಅತ್ತೆಯಾಗಲಿ, ಜಗಳವಾಡಿ ಮಾತು ಬಿಟ್ಟ ಗೆಳತಿಯಾಗಲಿ. ಅವರು ಮೊದಲು ಓದಲಿ, ನಗಲಿ, ಆಮೇಲೆ ತಿನ್ನಲಿ. ತಟ್ಟೆ ಖಾಲಿಯಾದರೆ ನಿಮ್ಮ ಚಿತ್ರ ಗೆದ್ದಿತೆಂದೇ ಲೆಕ್ಕ.