ಹುಚ್ಚಿ ಎಂಬ ಹೆಸರಿಡುವ ಮೊದಲು



ಬುದ್ಧನ ಕಾಲದ ಶ್ರಾವಸ್ತಿಯ ಪಟಾಚಾರಾಳ ಕಥೆ ಕೇಳಿ. ಗಂಡ, ಇಬ್ಬರು ಮಕ್ಕಳು, ತವರಿನವರು ಎಲ್ಲರನ್ನೂ ಕಳೆದುಕೊಂಡು, ಮೈಮೇಲೆ ಬಟ್ಟೆಯ ಪರಿವೆಯಿಲ್ಲದೆ ಅಲೆಯುತ್ತಿದ್ದಳು. ಜನ ಹುಚ್ಚಿಯೆಂದು ಕಸ, ಮಣ್ಣು ಎಸೆದರು. ಬುದ್ಧ ಅವಳನ್ನು ತಂಗಿಯೆಂದು ಕರೆದ. ಅಲ್ಲಿದ್ದ ಒಬ್ಬ ತನ್ನ ಹೊದಿಕೆ ಕೊಟ್ಟ. ಎಚ್ಚರ ಮರಳಿದ ಮೇಲೆ ಅವಳ ದುಃಖವನ್ನು ಬುದ್ಧ ಕೇಳಿಸಿಕೊಂಡ. ಮುಂದೆ ಅವಳು ವಿನಯದ ನಿಯಮ ಬಲ್ಲ ಭಿಕ್ಷುಣಿಯರಲ್ಲಿ ಮೊದಲಿಗಳಾದಳು.

ಮನಸ್ಸಿನ ಸ್ಥಿತಿ ಕಾರಣಗಳಿಂದ ಹುಟ್ಟುತ್ತದೆ, ಬದಲಾಗುತ್ತದೆ. ಅದೇ ಮನುಷ್ಯಳಲ್ಲ ಎನ್ನುತ್ತದೆ ಬೌದ್ಧ ಚಿಂತನೆ.

ನಮ್ಮಲ್ಲಿ ವರದಕ್ಷಿಣೆಯ ಕಾಟಕ್ಕೆ, ಹೊಡೆತಕ್ಕೆ ಮಂಕಾದವಳಿಗೆ 'ತಲೆ ಕೆಟ್ಟಿದೆ' ಎಂದು ಹೆಸರಿಟ್ಟು ತವರಿಗೆ ಅಟ್ಟುತ್ತಾರೆ. ಹೊಡೆದವರು ಪಾರಾಗುತ್ತಾರೆ. ಆ ಹೆಸರಿಗೆ ಹೆದರಿ ಅವಳು ಡಾಕ್ಟರ ಹತ್ತಿರವೂ ಹೋಗುವುದಿಲ್ಲ. ಹಿಂಸೆಯಿಲ್ಲದ ಮನೆಯಲ್ಲೂ ಈ ಕಾಯಿಲೆ ಬರಬಹುದು. ಅದೂ ನಾಚಿಕೆಯ ವಿಷಯವಲ್ಲ.

ಮನಸ್ಸಿನ ಕಾಯಿಲೆಯವರನ್ನು ಮೈಕಾಯಿಲೆಯವರಿಗೆ ಸಮನಾಗಿ ಕಾಣಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಹೇಳುತ್ತದೆ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿಗೆ, 14416ಕ್ಕೆ, ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಮಾತ್ರೆಯಿಂದ ಗಂಡನ ಹೊಡೆತ ನಿಲ್ಲದು. ಅದಕ್ಕೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಿದೆ.

ಸಂಘದ ಸಭೆಗೆ ಬಾರದವಳ ಮನೆಗೆ ಇಬ್ಬರು ಹೋಗಿ. ಬಾಕಿ ಕಂತು ಕೇಳುವ ಮೊದಲು ಅವಳ ಮಾತು ಕೇಳಿ. ಆಸ್ಪತ್ರೆಗೆ ಒಬ್ಬಳನ್ನೇ ಕಳಿಸಬೇಡಿ.