ಅಡ್ವಾನ್ಸು ಜೀತವಾಗಬಾರದು



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಿಂದ ಬಂದಿದ್ದೀರಿ. "ಜೀತ ಈಗ ಎಲ್ಲಿದೆ ಸಿಸ್ಟರ್?" ಅಂತ ಕೇಳ್ತೀರಿ. ಹೊಲದ ಜೀತ ಕಣ್ಣಿಗೆ ಕಾಣದೇ ಇರಬಹುದು. ಆದರೆ ರೇಷ್ಮೆ ನೂಲು ಬಿಚ್ಚುವ ಕಡೆ ಅಡ್ವಾನ್ಸಿನ ಹೆಸರಲ್ಲಿ ಅದೇ ನಡೆದದ್ದುಂಟು. ಮದುವೆಗೋ ಆಸ್ಪತ್ರೆಗೋ ಮನೆಯವರು ಹಣ ತರ್ತಾರೆ; ಅದು ತೀರುವ ತನಕ ಮಗು ಸುಡುವ ನೀರಿಗೆ ಕೈ ಹಾಕಿ ಗೂಡಿನ ಎಳೆ ಹುಡುಕಬೇಕು. ಕರ್ನಾಟಕದ ಇಂಥ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲೇ ವರದಿ ಮಾಡಿತ್ತು.

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ನಿಮ್ಮಲ್ಲೇ ಕೆಲವರು ಹೊಲಿಗೆ ಅಂಗಡಿ, ಅಡುಗೆ ಕಾಂಟ್ರಾಕ್ಟು, ಬ್ಯೂಟಿ ಪಾರ್ಲರ್ ನಡೆಸ್ತೀರಿ. ಕೆಲಸದವಳ ಕಷ್ಟಕ್ಕೆ ಹಣ ಕೊಡುವುದು ಒಳ್ಳೆಯದೇ. ಆದರೆ "ಬಾಕಿ ತೀರಿಸದೆ ಬೇರೆ ಕಡೆ ಹೋಗುವಂತಿಲ್ಲ" ಅಂದರೆ, ಅವಳ ಆಧಾರ್ ಕಾರ್ಡು ಹಿಡಿದಿಟ್ಟುಕೊಂಡರೆ, ಅದು ಜೀತವೇ. ಪ್ರೀತಿಯಿಂದ ಹೇಳಿದರೂ ಅಷ್ಟೇ! 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಜೀತದ ಸಾಲವನ್ನು ತೀರಿಸಬೇಕಾಗಿಯೇ ಇಲ್ಲ. ಇದು ಜೀತದ ಸಾಲವಲ್ಲ ಅಂತ ರುಜುವಾತು ಮಾಡಬೇಕಾದವರು ಸಾಲ ಕೊಟ್ಟವರೇ. ಜೀತ ಮಾಡಿಸಿದವರಿಗೆ 3 ವರ್ಷದವರೆಗೆ ಜೈಲು.

ಕೊಟ್ಟ ಹಣವನ್ನೂ ಕೂಲಿಯನ್ನೂ ಅವಳೆದುರಿಗೇ ಪುಸ್ತಕದಲ್ಲಿ ಬರೆದು ಓದಿ ಹೇಳಿ. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಲೇಬೇಡಿ. ಸಾಲ ಬೇಕಾದವಳನ್ನು ಸಂಘಕ್ಕೆ ಸೇರಿಸಿ. ಸಂಘಕ್ಕೆ ಕಂತು ಸಾಕು, ಅವಳ ಮಗಳ ದುಡಿಮೆ ಬೇಡ.

ಎಲ್ಲಾದರೂ ಮಗು ಸಿಕ್ಕಿಬಿದ್ದಿದ್ದರೆ 1098ಕ್ಕೆ ಫೋನ್ ಮಾಡಿ. ದೊಡ್ಡವರಾದರೆ ಜಿಲ್ಲಾಧಿಕಾರಿಗೋ ಉಪವಿಭಾಗಾಧಿಕಾರಿಗೋ ಅರ್ಜಿ ಕೊಡಬೇಕು. ಬರೆಯೋಕೆ ಬಾರದಿದ್ದರೆ ನಮ್ಮ ಆಫೀಸಿಗೆ ಬನ್ನಿ, ಕೂತು ಬರೆಯೋಣ.